ಕುರಿ ಗುಳಿಗೆ ಮತ್ತು ಗುರುಬಸಮ್ಮನ ಶ್ರಾವಣ

ಬಸುರಿ ಹೆಂಗಸು ಥೈರಾಯ್ಡ್ ಗುಳಿಗೆ ತಿನ್ನಬಹುದೇ, ಕೂಸಿಗೆ ಏನಾದರೂ ಊನ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಕುರಿ. ನಗಬೇಡಿ. ನೀವೀಗ ಬರೆದುಕೊಡುವ ಪುಟ್ಟ ಬಿಳಿ ಗುಳಿಗೆ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಕುರಿಯ ಕುತ್ತಿಗೆಯ ಗ್ರಂಥಿಯನ್ನು ಒಣಗಿಸಿ, ಪುಡಿ ಮಾಡಿ, ಒತ್ತಿ ತಯಾರಿಸಿದ ಕಂದು ಬಣ್ಣದ ಗುಳಿಗೆಯನ್ನೇ ಕೊಡುತ್ತಿದ್ದೆವು. ಸೀಸೆಯ ಮುಚ್ಚಳ ತೆಗೆದರೆ ಹಳೆಯ ಚರ್ಮದ ಚೀಲದ ವಾಸನೆ ಬರುತ್ತಿತ್ತು. ಮೊಟ್ಟೆಯನ್ನು ಕೂಡ ಹೊಸ್ತಿಲ ಒಳಗೆ ಬಿಟ್ಟುಕೊಳ್ಳದ ಮನೆಯೊಂದರ ಸೊಸೆಗೆ, ಅದೂ ಬಸುರಿಯಲ್ಲಿ, ಈ ಗುಳಿಗೆ ತಿನ್ನಿಸಬೇಕಾಗಿ ಬಂದ ಕಥೆಯನ್ನು ಹೇಳುತ್ತೇನೆ.

ನಾನು ಬಳ್ಳಾರಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದವಳು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎನ್ನುವುದು ನನ್ನ ಪಿಂಚಣಿ ಕಾಗದದಲ್ಲಿದೆ, ಅದು ಇಲ್ಲಿ ಬೇಡ. ಹೊಸದಾಗಿ ಬಿಳಿ ಕೋಟು ಹಾಕಿಕೊಂಡ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಮಂಡಕ್ಕಿ ಒಗ್ಗರಣೆ ಖಾಲಿ ಮಾಡುತ್ತಾರೆ, ಆಮೇಲೆ "ರಕ್ತ ಪರೀಕ್ಷೆ ಇಲ್ಲದ ಕಾಲದಲ್ಲಿ ಥೈರಾಯ್ಡ್ ಹೇಗೆ ಕಂಡುಹಿಡಿಯುತ್ತಿದ್ರಿ ಆಂಟಿ?" ಎಂದು ಕನಿಕರದಿಂದ ಕೇಳುತ್ತಾರೆ. ಇದನ್ನು ಬರೆಯುತ್ತಿರುವುದು ಅವರಿಗಾಗಿ.

ಹೇಗೆ ಕಂಡುಹಿಡಿಯುತ್ತಿದ್ದೆವು ಎಂದರೆ, ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಗೆ ಹೊಡೆದು! ನಮ್ಮ ಹೊರರೋಗಿಗಳ ಕೋಣೆಯಲ್ಲಿ ಬೆತ್ತದ ಕುರ್ಚಿಯೊಂದಿತ್ತು. ಹೆಂಗಸನ್ನು ಅದರ ಮೇಲೆ ಗೋಡೆಗೆ ಮುಖ ಮಾಡಿ ಮಂಡಿಯೂರಿ ನಿಲ್ಲಿಸುವುದು, ಪಾದ ಹೊರಗೆ ಜೋತಾಡುವಂತೆ ಬಿಡಿಸುವುದು, ಹಿಮ್ಮಡಿಯ ಮೇಲಿನ ದಪ್ಪ ನರಕ್ಕೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು. ಆರೋಗ್ಯವಂತರ ಪಾದ ಟಣ್ಣನೆ ಜಿಗಿದು ಟಣ್ಣನೆ ವಾಪಸ್ಸು ಬರುತ್ತದೆ. ಥೈರಾಯ್ಡ್ ಕಡಿಮೆ ಇರುವವರ ಪಾದ ಜಿಗಿಯುವುದೇನೋ ಜಿಗಿಯುತ್ತದೆ, ವಾಪಸ್ಸು ಬರುವಾಗ ಮಾತ್ರ ಮದುವೆ ಮನೆಯಿಂದ ಹೊರಟ ನೆಂಟರ ಹಾಗೆ ತಡಮಾಡುತ್ತದೆ. ರಕ್ತವನ್ನು ಐಸಿನಲ್ಲಿಟ್ಟು ರೈಲಿನಲ್ಲಿ ದೂರದ ಊರಿಗೆ ಕಳಿಸುವ ಏರ್ಪಾಡು ಆಮೇಲೆ ಬಂತು, ಊರಲ್ಲೇ ಪರೀಕ್ಷೆ ಮಾಡುವ ಕಾಲ ಇನ್ನೂ ಆಮೇಲೆ. ಅಲ್ಲಿಯವರೆಗೆ ಆ ಕುರ್ಚಿಯೇ ನಮ್ಮ ಪ್ರಯೋಗಾಲಯ. ನಾನು ಮೊದಲ ಸಲ ಸುತ್ತಿಗೆ ಹಿಡಿದ ದಿನ ರೂಪನಗುಡಿಯಿಂದ ಬಂದಿದ್ದ ಒಬ್ಬ ಯಜಮಾನಿಗೆ ಸ್ವಲ್ಪ ಜೋರಾಗಿಯೇ ಬಡಿದುಬಿಟ್ಟೆ. ಆಕೆ ಕತ್ತೆ ಒದ್ದ ಹಾಗೆ ಒದ್ದಳು, ನನ್ನ ಕನ್ನಡಕ ಔಷಧಿ ಬೀರುವಿನ ಅಡಿಗೆ ಹೋಯಿತು.

"ಇವಳಿಗೆ ಥೈರಾಯ್ಡ್ ಇಲ್ಲ," ಎಂದರು ಮೇಡಂ, ತಲೆ ಎತ್ತದೆ ಬರೆಯುತ್ತಲೇ.

ಮೇಡಂ ಎಂದರೆ ಅನಸೂಯಮ್ಮ, ನಮ್ಮ ದೊಡ್ಡ ಡಾಕ್ಟರು. ಆದೋನಿ ಕಡೆಯ ತೆಲುಗರು, ಮದ್ರಾಸಿನಲ್ಲಿ ಓದಿದವರು. ಕನ್ನಡ ಮಾತಾಡುವಾಗ ಅರ್ಧ ದಾರಿಯಲ್ಲಿ ತೆಲುಗಿಗೆ ಹೊರಳುತ್ತಿದ್ದರು. ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಗುಟ್ಟು ಹೇಳಿದರೂ ಹೊರಗಿನ ವರಾಂಡದ ಕೊನೆಯ ಬೆಂಚಿನವರೆಗೆ ಕೇಳಿಸುತ್ತಿತ್ತು. ನನ್ನನ್ನು ಎಷ್ಟು ಬೈದಿದ್ದಾರೋ ಲೆಕ್ಕವಿಲ್ಲ, ಆದರೂ ಅವರ ಮೇಲೆ ನನಗಿರುವಷ್ಟು ಪ್ರೀತಿ ನನಗೆ ಪಾಠ ಹೇಳಿದ ಬೇರೆ ಯಾರ ಮೇಲೂ ಇಲ್ಲ. ಅವರದೊಂದು ನಿಯಮವಿತ್ತು. ರೋಗಿ ಕೇಳಿದ್ದಕ್ಕೆ ಸುಳ್ಳು ಹೇಳಕೂಡದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು.

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ಸಿರುಗುಪ್ಪದಿಂದ ಒಬ್ಬ ಅತ್ತೆ ಸೊಸೆ ಬಂದರು. ಅತ್ತೆ ಗುರುಬಸಮ್ಮ, ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಗಂಡ ಇಲ್ಲದ ಮನೆಯನ್ನೂ ಭತ್ತದ ಗದ್ದೆಗಳನ್ನೂ ಒಂಟಿಯಾಗಿ ನಿಭಾಯಿಸಿದ ಗತ್ತು. ಸೊಸೆ ಶಂಕ್ರಮ್ಮ ಕುರುಗೋಡಿನ ಹುಡುಗಿ. ಮುಖ ಊದಿತ್ತು, ಬೇಸಿಗೆಯಲ್ಲೂ ಸೆರಗು ಹೊದ್ದು ಕೂತಿದ್ದಳು.

"ಏನ್ ಹೇಳ್ಲಿ ಡಾಕ್ಟರಮ್ಮಾರ," ಎಂದಳು ಗುರುಬಸಮ್ಮ. "ಇಕಿ ಕುಂತಲ್ಲೇ ನಿದ್ದಿ ಮಾಡ್ತಾಳ. ಹಂಚಿನ ಮ್ಯಾಗ ರೊಟ್ಟಿ ಸುಟ್ಟು ಕರ್ರಗಾದ್ರೂ ಖಬರಿರಂಗಿಲ್ಲ. ಎರಡು ಸಲ ಬಸುರು ನಿಲ್ಲಲಿಲ್ಲ. ಓಣ್ಯಾಗಿನ ಮಂದಿ ಮೈಗಳ್ಳಿ ಅಂತಾರ. ಮೈಗಳ್ಳಿ ಅಲ್ರಿ ಇಕಿ, ನನಗ ಗೊತ್ತೈತಿ. ಒಳಗ ಏನೋ ಆಗೈತಿ, ನೋಡ್ರಿ."

ಅತ್ತೆಯಂದಿರ ಬಗ್ಗೆ ನಾನು ಕೆಲಸಕ್ಕೆ ಬರುವಾಗ ಕಟ್ಟಿಕೊಂಡು ಬಂದಿದ್ದ ಅಭಿಪ್ರಾಯಗಳಲ್ಲಿ ಅರ್ಧ ಅವತ್ತೇ ಉದುರಿಹೋದವು. ಶಂಕ್ರಮ್ಮನನ್ನು ಮಾತಾಡಿಸಿದೆ. ಗಂಡಸಿನಂಥ ಗೊಗ್ಗರು ದನಿ. ಮದುವೆಗೆ ಮುಂಚೆ ಕುರುಗೋಡಿನಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆ ಹಾಡಲು ಇವಳನ್ನೇ ಕರೆಯುತ್ತಿದ್ದರಂತೆ. ಕುರ್ಚಿ ಹತ್ತಿಸಿ ಸುತ್ತಿಗೆ ಬಡಿದೆವು. ಪಾದ ಹೊರಟಿತು, ವಾಪಸ್ಸು ಬರುವ ಮನಸ್ಸೇ ಮಾಡಲಿಲ್ಲ.

"ಚೂಡಮ್ಮಾ, ಕಾಲು ಮನೆಗೆ ಬರೋಕೆ ಯೋಚನೆ ಮಾಡ್ತಾ ಉಂದಿ!" ಎಂದರು ಮೇಡಂ ಸಂತೋಷದಿಂದ. ರೋಗ ಸಿಕ್ಕಿದಾಗ ಅವರಿಗೆ ಆಗುತ್ತಿದ್ದ ಸಂತೋಷ ಅದು.

ಕಂದು ಗುಳಿಗೆ ಶುರುವಾಯಿತು. ನಾಲ್ಕೈದು ತಿಂಗಳಲ್ಲಿ ಮುಖದ ಊತ ಇಳಿಯಿತು, ನಿದ್ದೆ ಬಿಟ್ಟಿತು, ದನಿ ತಿಳಿಯಾಯಿತು. ಇನ್ನಷ್ಟು ತಿಂಗಳು ಕಳೆದ ಮೇಲೆ ಗುರುಬಸಮ್ಮ ಒಂದು ಡಬ್ಬಿ ಸಿಹಿ ಮಾದಲಿ ತಂದು ಮೇಡಂ ಮೇಜಿನ ಮೇಲಿಟ್ಟು ನಕ್ಕಳು. ಶಂಕ್ರಮ್ಮ ಬಸುರಿಯಾಗಿದ್ದಳು.

ನನಗೆ ಮಾತ್ರ ಭಯವಾಯಿತು. ಹೊರದೇಶಗಳಲ್ಲಿ ಬಸುರಿಯರಿಗೆ ಕೊಟ್ಟ ಒಂದು ನಿದ್ದೆಯ ಗುಳಿಗೆಯಿಂದ ಕೈಕಾಲು ಬೆಳೆಯದ ಕೂಸುಗಳು ಹುಟ್ಟಿದ್ದನ್ನು ನಾವು ಓದುವಾಗ ಚಿತ್ರ ಸಮೇತ ನೋಡಿದ್ದೆವು. ನನ್ನ ವಯಸ್ಸಿನ ಡಾಕ್ಟರುಗಳು ಬಸುರಿಗೆ ತಲೆನೋವಿನ ಗುಳಿಗೆ ಬರೆಯುವುದಕ್ಕೂ ಅಂಜುತ್ತಿದ್ದೆವು. ಅತ್ತೆ ಸೊಸೆ ಹೊರಗೆ ಹೋದ ಮೇಲೆ, "ಮೇಡಂ, ಮೊದಲ ತಿಂಗಳುಗಳಲ್ಲಿ ಈ ಗುಳಿಗೆ ನಿಲ್ಲಿಸಿಬಿಡೋಣವೇ?" ಎಂದು ಕೇಳಿದೆ.

ಮೇಡಂ ಪೆನ್ನು ಕೆಳಗಿಟ್ಟರು. "ಆ ಗುಳಿಗೆ ಬೇರೆ ತಲ್ಲೀ. ಅದು ಮೈಗೆ ಹೊರಗಿನದು. ಇದು ಇವಳ ಮೈಯೇ ಮಾಡಬೇಕಾಗಿದ್ದು. ಮಾಡ್ತಾ ಇಲ್ಲ, ಅಷ್ಟನ್ನ ನಾವು ತುಂಬಿಸ್ತಿದೀವಿ. ತಾಯಿಗೇ ಇಲ್ಲದ್ದು ಕೂಸಿಗೆ ಎಲ್ಲಿಂದ ಬರುತ್ತೆ? ಇಲ್ಲದಿದ್ರೆ ಏನಾಗುತ್ತೆ ಅಂತ ಇವಳು ಎರಡು ಸಲ ನೋಡಿದ್ದಾಳೆ. ಮೂರನೇದು ನಿನ್ನ ಭಯಕ್ಕೆ ಕೊಡಬೇಕಾ?"

ತಾಯಿಯ ಥೈರಾಯ್ಡ್ ರಸ ಕೂಸಿನ ಮೆದುಳಿಗೆ ಎಷ್ಟು ಬೇಕು ಎನ್ನುವುದು ಪುಸ್ತಕಗಳಲ್ಲಿ ಸ್ಪಷ್ಟವಾದದ್ದು ಬಹಳ ಆಮೇಲೆ. ಮೇಡಂ ಹೇಳಿದ್ದು ಕಣ್ಣಾರೆ ಕಂಡ ಹೆರಿಗೆಗಳಿಂದ. ಇವತ್ತು ನೀವು ಬಸುರು ಗೊತ್ತಾದ ಕೂಡಲೇ ರಕ್ತ ನೋಡಿ ಗುಳಿಗೆಯ ಪ್ರಮಾಣ ಏರಿಸುತ್ತೀರಿ. ನಾವು ಕುರ್ಚಿ ನೋಡಿ ಏರಿಸುತ್ತಿದ್ದೆವು. ಕಬ್ಬಿಣದ ಗುಳಿಗೆಯನ್ನೂ ಇದನ್ನೂ ಒಂದೇ ಮುಷ್ಟಿಯಲ್ಲಿ ನುಂಗಿಸುತ್ತಿದ್ದೆವು. ಅದು ಇದನ್ನು ಮೈಗೆ ಹತ್ತಗೊಡುವುದಿಲ್ಲ, ನಡುವೆ ಕೆಲವು ಗಂಟೆ ಬಿಡಬೇಕು ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಹೀಗಿರುವಾಗ ಗುಟ್ಟು ಬಯಲಾಯಿತು. ಶಂಕ್ರಮ್ಮನ ಗಂಡ ವೀರಣ್ಣ ಬಳ್ಳಾರಿಯ ಬ್ರೂಸ್‌ಪೇಟೆಯ ಔಷಧಿ ಅಂಗಡಿಯಲ್ಲಿ ಗುಳಿಗೆ ಕೊಳ್ಳಲು ಹೋದಾಗ ಅಂಗಡಿಯವನು ತನ್ನ ಜಾಣತನ ತೋರಿಸಲು, "ಇದನ್ನ ಕುರಿ ಕುತಿಗಿಲಿಂದ ಮಾಡ್ತಾರ, ಗೊತ್ತೇನ್ರಿ ನಿಮಗ?" ಎಂದುಬಿಟ್ಟಿದ್ದ. ಮರುದಿನದ ಮೊದಲ ಬಸ್ಸಿಗೇ ಗುರುಬಸಮ್ಮ ಬಂದಿಳಿದಳು. ಸರತಿ ಗಿರತಿ ಏನೂ ನೋಡದೆ ಒಳಗೆ ಬಂದು ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಇದರಾಗ ಕುರಿ ಐತೇನ್ರಿ?"

ಇಲ್ಲ ಎಂದುಬಿಡಲಿ ದೇವರೇ ಎಂದುಕೊಂಡೆ. ಮೇಡಂ, "ಹೌದು ಗುರುಬಸಮ್ಮಾ, ಕುರಿದೇ," ಎಂದರು.

ಗುರುಬಸಮ್ಮ ಕುಸಿದು ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಬ್ರೂಸ್‌ಪೇಟಿ ಮಂದಿ, ಲಿಂಗ ಕಟ್ಟಿದವರು. ಖರೇ ಹೇಳ್ರಿ, ನೀವಾಗಿದ್ರ ತಿಂತಿದ್ರೇನು?"

"ತಿಂತಿದ್ನಿ ಅವ್ವಾ, ಔಷಧ ಅಂತ."

"ಮತ್ತ ಪೂಜಿ?"

"ಪೂಜೀನೂ ಮಾಡ್ತಿದ್ನಿ."

"ಅದಿರಲಿ," ಎಂದು ಆಕೆ ದನಿ ತಗ್ಗಿಸಿದಳು. "ಬಸುರ್ಯಾಗ ಕುರಿ ತಿಂದ್ರ ಕೂಸಿಗೆ ಕುರಿ ಮಾರಿ ಬಂದ್ರ ಏನ್ ಮಾಡೂದ್ರಿ?"

"ಕೋಳಿ ತಿನ್ನೋರ ಮಕ್ಕಳಿಗೆ ರೆಕ್ಕೆ ಬಂದಿರೋದು ನೋಡಿದ್ದೀಯಾ ಎಲ್ಲಾದ್ರೂ?" ಎಂದರು ಮೇಡಂ. ಹೊರಗಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುರುಬಸಮ್ಮನಿಗೂ ನಗು ತಡೆಯಲಾಗಲಿಲ್ಲ. ಮನೆಗೆ ಪೂಜೆಗೆ ಬರುವ ಅಯ್ಯನವರನ್ನು ಒಂದು ಮಾತು ಕೇಳುತ್ತೇನೆಂದು ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಔಷಧಕ್ಕೆ ದೋಷವಿಲ್ಲ ಎಂದು ಅಯ್ಯನವರು ಹೇಳಿದರೆಂದು ಆಮೇಲೆ ತಿಳಿದು ನಾವು ಸಮಾಧಾನಪಟ್ಟುಕೊಂಡೆವು.

ಮುಂದಿನ ಭೇಟಿಗೆ ಶಂಕ್ರಮ್ಮ ಬಂದಾಗ ಮುಖ ಮತ್ತೆ ಭಾರ, ದನಿ ಮತ್ತೆ ಗೊಗ್ಗರು. ಕುರ್ಚಿ ಹತ್ತಿಸಿದರೆ ಪಾದ ಮತ್ತೆ ಸೋಮಾರಿ. ಹಳೇ ದಾಸ್ತಾನು ಕೊಟ್ಟಿರಬೇಕೆಂದು ನಾನು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. "ದಿನಾ ತಗೊಳ್ತೀಯಾ?" ಎಂದು ಮೇಡಂ ಕೇಳಿದರು. "ದಿನಾ ತಗೊಂತೀನ್ರಿ," ಎಂದಳು ಹುಡುಗಿ. ಕಣ್ಣಲ್ಲಿ ಕಳ್ಳತನವಿರಲಿಲ್ಲ.

ಅವತ್ತು ಶ್ರಾವಣದ ಕೊನೆಯ ಸೋಮವಾರ. ನಾನು ಉಪವಾಸವಿದ್ದೆ, ತಲೆ ಸಿಡಿಯುತ್ತಿತ್ತು. ಅದಕ್ಕೇ ಇರಬೇಕು, ಆ ಪ್ರಶ್ನೆ ನನ್ನ ಬಾಯಿಗೆ ಬಂತು.

"ಶ್ರಾವಣದಾಗೂ ತಗೊಂಡ್ಯೇನು?"

"ಅಯ್ಯ! ಶ್ರಾವಣದಾಗ ಯಾರು ತಿಂತಾರ್ರಿ ಅಮ್ಮಾರ!"

ಗುರುಬಸಮ್ಮ ಹೆಮ್ಮೆಯಿಂದ ವಿವರಿಸಿದಳು. "ಕುರಿ ಕೋಳಿ ತಿನ್ನೂ ಮಂದೀನ ಶ್ರಾವಣದಾಗ ಬಿಡ್ತಾರ. ನಾವು ಬಿಡಬಾರದೇನ್ರಿ? ಉಳಿದ ದಿನ ನೇಮ ತಪ್ಪಿಲ್ಲ. ಸ್ವಾಮಾರ ಬಿಡ್ತಾಳ, ಅಮಾಸಿಗೆ ಬಿಡ್ತಾಳ, ಅಷ್ಟ."

ನನಗೆ ನಗು ಒತ್ತರಿಸಿ ಬಂದು ಬಾಯಿಗೆ ಸೆರಗು ಹಿಡಿದುಕೊಂಡೆ. ಮೇಡಂ ನಗಲಿಲ್ಲ. ಅವರ ಮುಖ ನೋಡಿ ನನ್ನ ನಗು ಇಂಗಿಹೋಯಿತು. ಕೂಸು ಹೊಟ್ಟೆಯಲ್ಲಿ ರೂಪುಗೊಳ್ಳುವ ದಿನಗಳಲ್ಲೇ ತಾಯಿ ಸರಿಸುಮಾರು ಒಂದು ತಿಂಗಳು ಗುಳಿಗೆ ಇಲ್ಲದೆ ಇದ್ದಳು. ಈ ಬಸುರೂ ನಿಲ್ಲದೆ ಹೋದರೆ, ಅಥವಾ ನಿಂತು ಕೂಸು ಮಂಕಾಗಿ ಹುಟ್ಟಿದರೆ? ಅದನ್ನು ಅಳೆಯುವ ಯಾವ ಯಂತ್ರವೂ ನಮ್ಮಲ್ಲಿರಲಿಲ್ಲ. ಕಾಯುವುದೊಂದೇ ಉಳಿದಿತ್ತು.

ಮೇಡಂ ಗುರುಬಸಮ್ಮನನ್ನು ಬೈಯಲಿಲ್ಲ. ಅವತ್ತೇ ಮದ್ರಾಸಿನಲ್ಲಿದ್ದ ತಮ್ಮ ಹಳೆಯ ಸಹಪಾಠಿಗೆ ಟ್ರಂಕ್ ಕಾಲ್ ಮಾಡಿ, ಅದೇ ರಸವನ್ನು ಕಾರ್ಖಾನೆಯಲ್ಲಿ ತಯಾರಿಸಿದ ಬಿಳಿ ಗುಳಿಗೆ ತರಿಸಿದರು. ಅದು ಬರುವವರೆಗೆ ಕಂದು ಗುಳಿಗೆಯನ್ನು ಸೋಮವಾರವೂ ಬಿಡಕೂಡದೆಂದು ಆಣೆ ಹಾಕಿಸಿಕೊಂಡರು. ಬಿಳಿ ಗುಳಿಗೆ ಬಂದ ದಿನ ಅದನ್ನು ಅಂಗೈ ಮೇಲಿಟ್ಟು ತೋರಿಸಿ, "ಇದರಲ್ಲಿ ಕುರಿ ಇಲ್ಲ, ಕೋಳಿ ಇಲ್ಲ. ಶಿವರಾತ್ರಿ ದಿನವೂ ತಿನ್ನಬಹುದು," ಎಂದರು. ಗುರುಬಸಮ್ಮ ಮೂಸಿ ನೋಡಿ ಒಪ್ಪಿದಳು. ದಸರೆಯ ಹೊತ್ತಿಗೆ ಶಂಕ್ರಮ್ಮನ ಪಾದಕ್ಕೆ ಚುರುಕು ಬಂತು. ಕೂಸು ಒದೆಯುತ್ತಿದೆ ಎಂದು ನಾಚಿಕೊಂಡು ಹೇಳಿದಳು.

ಕಾರ್ತಿಕದಲ್ಲಿ ಮೇಡಂ ಅವರ ದೊಡ್ಡ ಗಂಟಲು ನಮಗೆ ಮುಳುವಾಯಿತು. ಅವತ್ತು ಒಳಗೆ ಇದ್ದವಳು ಕೌಲ್‌ಬಜಾರಿನ ಖಾಜಾಬಿ, ದರ್ಜಿಯ ಹೆಂಡತಿ. ಅವಳದು ತಿರುವುಮುರುವು ಕಾಯಿಲೆ. ಅವಳ ಥೈರಾಯ್ಡ್ ವಿಪರೀತ ಕೆಲಸ ಮಾಡುತ್ತಿತ್ತು. ಎದೆ ಡವಡವ ಬಡಿಯುತ್ತಿತ್ತು, ಸೂಜಿಗೆ ದಾರ ಪೋಣಿಸಲಾಗದಷ್ಟು ಕೈ ನಡುಗುತ್ತಿತ್ತು. ಅದನ್ನು ಹತೋಟಿಗೆ ತರುವ ಬೇರೆ ಗುಳಿಗೆಯನ್ನು ಅವಳು ತಿನ್ನುತ್ತಿದ್ದಳು. ಅವಳೂ ಬಸುರಿ.

"ಈ ಗುಳಿಗೆ ಜಾಸ್ತಿ ಆದ್ರೆ ಕೂಸಿಗೆ ತೊಂದರೆ ಖಾಜಾಬೀ! ಕೂಸಿನ ಕುತ್ತಿಗೆ ಊದುತ್ತೆ. ಅರ್ಧ ಮಾಡು. ಪೂರ್ತಿ ಬಿಡಬೇಡ, ಬಿಟ್ರೆ ನಿನ್ನ ಎದೆ ತಡೆಯೋದಿಲ್ಲ," ಎಂದು ಮೇಡಂ ಕೂಗಿ ಹೇಳಿದರು.

ಅವರು ಹೇಳಿದ್ದು ಸರಿಯೇ. ಆ ಗುಳಿಗೆ ಕೂಸಿಗೂ ದಾಟುತ್ತದೆ, ತಾಯಿಗೆ ಸಾಕಾಗುವಷ್ಟು ಕನಿಷ್ಠ ಪ್ರಮಾಣವೇ ಕೊಡಬೇಕು. ಅಪರೂಪಕ್ಕೆ ಕೂಸಿನ ನೆತ್ತಿಯ ಚರ್ಮ ಕೂಡದೆ ಹುಟ್ಟುವುದುಂಟು, ಮೊದಲ ತಿಂಗಳುಗಳಲ್ಲಿ ಬೇರೊಂದು ಔಷಧ ವಾಸಿ ಎಂಬುದನ್ನು ನಾವು ಆಮೇಲಾಮೇಲೆ ಓದಿಕೊಂಡೆವು. ಥೈರಾಯ್ಡ್ ಗುಳಿಗೆ ಎನ್ನುವ ಒಂದೇ ಹೆಸರಿನಲ್ಲಿ ಎರಡು ವಿರುದ್ಧ ಔಷಧಗಳಿವೆ ಎಂಬುದನ್ನು ನೀವು ಪ್ರತಿಯೊಬ್ಬ ಹೆಂಗಸಿಗೂ ಬಿಡಿಸಿ ಹೇಳಬೇಕು. ನಾವು ಹೇಳಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಸೊಸೆಯ ಜೊತೆ ಕೂತಿದ್ದ ಗುರುಬಸಮ್ಮನಿಗೆ ಇದೆಲ್ಲ ಕೇಳಿಸಿತು. ಖಾಜಾಬಿ ಹೊರಬಂದಾಗ ಪಕ್ಕಕ್ಕೆ ಕೂರಿಸಿಕೊಂಡು, "ನಿನಗೇನಾಗೈತಿ ತಂಗಿ?" ಎಂದು ಕೇಳಿದಳಂತೆ. "ಕುತಿಗಿದು ಅಮ್ಮಾ, ಥೈರಾಯಿಡ್ ಅಂತಾರ," ಎಂದಳಂತೆ ಅವಳು. ಅಷ್ಟು ಸಾಕಾಯಿತು, ಇಬ್ಬರದೂ ಒಂದೇ ಗುಳಿಗೆ ಎಂದುಕೊಂಡಳು. ಸೊಸೆಯ ರಟ್ಟೆ ಹಿಡಿದೆಬ್ಬಿಸಿ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಳು. ಮುಂದಿನ ಭೇಟಿಗೂ ಬರಲಿಲ್ಲ.

"ನೀನು ಹೋಗಿ ಬಾ," ಎಂದರು ಮೇಡಂ. "ನಾನು ಹೋದ್ರೆ ಕೂಗಾಡ್ತೀನಿ."

ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಗುರುಬಸಮ್ಮ ಬಾಗಿಲಲ್ಲೇ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಚಾಪೆ ಹಾಸಿದಳು. ಮರ್ಯಾದೆಗೆ ಏನೂ ಕಡಿಮೆ ಮಾಡದೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಳು.

"ಆ ಖಾಜಾಬಿಗೆ ಖರೇ ಹೇಳಿದ್ರಿ. ನನಗ ಯಾಕ ಸುಳ್ಳು ಹೇಳಿದ್ರಿ ಅಮ್ಮಾರ? ನಾ ನಿಮ್ಮನ್ನ ಮನಿ ಮಗಳಂತ ನಂಬಿದ್ನಿ."

ಅದು ನನಗೆ ಚುಚ್ಚಿತು. ಒಲೆಯನ್ನೇ ತೋರಿಸಿ ಹೇಳಿದೆ. "ಇಲ್ಲಿ ನೋಡವ್ವಾ. ಖಾಜಾಬಿ ಒಲ್ಯಾಗ ಉರಿ ಹೆಚ್ಚಾಗೈತಿ. ಕಟಿಗಿ ಹೊರಗ ಎಳಿಯಾಕ ಅಕಿಗೆ ಒಂದು ಗುಳಿಗಿ. ಭಾಳ ಎಳದ್ರ ಕೂಸಿನ ಒಲೀನೂ ಆರತೈತಿ, ಅದಕ್ಕ ಅರ್ಧ ಮಾಡಂದ್ರು. ನಿನ್ನ ಸೊಸಿ ಒಲಿ ಆರಾಕ ಹತ್ತೈತಿ. ಕಟಿಗಿ ಹಾಕಾಕ ಇಕಿ ಗುಳಿಗಿ. ಎರಡೂ ಬ್ಯಾರೆ ಬ್ಯಾರೆ."

ಆಕೆ ಒಂದು ಕಟ್ಟಿಗೆ ಹೊರಗೆ ಎಳೆದಳು, ಮತ್ತೆ ಒಳಗೆ ತಳ್ಳಿದಳು. ಆಮೇಲೆ ತಿರುಗಿ ಕೂತು, "ಈ ಗುಳಿಗಿಲಿಂದ ನಮ್ಮ ಮನಿ ಕೂಸಿಗೆ ಏನೂ ಊನ ಆಗಂಗಿಲ್ಲಂತ ಲಿಂಗ ಮುಟ್ಟಿ ಹೇಳ್ರಿ," ಎಂದಳು.

ಮೇಡಂ ನಿಯಮ ನೆನಪಾಯಿತು. "ಊನ ಇರಂಗಿಲ್ಲಂತ ಯಾವ ಕೂಸಿಗೂ ನಾ ಹೇಳಾಕ ಬರಂಗಿಲ್ಲ ಅವ್ವಾ. ಗುಳಿಗಿಲಿಂದ ಆಗಂಗಿಲ್ಲ, ಗುಳಿಗಿ ಬಿಟ್ರ ಆಗಬಹುದು. ಇಷ್ಟ ಮುಟ್ಟಿ ಹೇಳ್ತೀನಿ," ಎಂದು ಕೊರಳಲ್ಲಿದ್ದ ಲಿಂಗ ಮುಟ್ಟಿದೆ.

ಅಷ್ಟರಲ್ಲಿ ಒಳಗಿಂದ ಶಂಕ್ರಮ್ಮ ಬಂದಳು. ಮುಖ ಊದಿತ್ತು. "ಅತ್ತಿ, ನನ್ನ ದನಿ ಕೇಳ್ರಿ," ಎಂದಳು. ಆ ದನಿ ಆಗಲೇ ಗೊಗ್ಗರಾಗಿತ್ತು. "ನಾ ನಿಮಗ ಎಂದರ ಎದುರು ಮಾತಾಡೀನೇನು? ಇವತ್ತು ಮಾತಾಡ್ತೀನಿ. ದಸರಿದಾಗ ಕೂಸು ಒದ್ದಿದ್ದು ನನಗ ತಿಳೀತಿತ್ತು. ಈಗ ಒದೀತೈತೋ ಇಲ್ಲೋ ತಿಳಿಯೂವಲ್ದು, ನಾನ ನಿದ್ದಿಗಣ್ಣಾಗ ಇರ್ತೀನಿ. ನನಗ ಅಂಜಿಕಿ ಆಗಾಕ ಹತ್ತೈತಿ ಅತ್ತಿ. ನನ್ನ ಗುಳಿಗಿ ನನಗ ಕೊಡ್ರಿ."

ಗುರುಬಸಮ್ಮ ಎದ್ದಳು. ಜೋಳದ ಗಡಿಗೆಯೊಳಗೆ ಕೈ ಹಾಕಿ, ಬಚ್ಚಿಟ್ಟಿದ್ದ ಸೀಸೆ ತೆಗೆದು, ಕಾಳು ಕೊಡವಿ, ಒಂದು ಗುಳಿಗೆಯನ್ನು ಸೊಸೆಯ ಬಾಯಿಗೆ ತಾನೇ ಹಾಕಿದಳು. ಕಣ್ಣೊರೆಸಿಕೊಂಡಿದ್ದು ಹೊಗೆಗೆ ಎಂದು ನಾನು ಅಂದುಕೊಳ್ಳಲಿ ಎಂಬಂತೆ ಒಲೆಗೆ ಊದುಗೊಳವೆ ಹಿಡಿದಳು.

ಅಲ್ಲಿಂದ ಮುಂದೆ ಗುಳಿಗೆಯ ಅಧಿಕಾರ ಅವಳದೇ ಆಯಿತು. ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿಸಿ ಶಂಕ್ರಮ್ಮನನ್ನು ತವರಿಗೆ ಕಳಿಸುವಾಗ ಗುರುಬಸಮ್ಮನೂ ಗಂಟು ಕಟ್ಟಿಕೊಂಡು ಕುರುಗೋಡಿಗೆ ಹೊರಟಳು. ಬೀಗರ ಮನೆಯಲ್ಲಿ ಹೀಗೆ ಠಿಕಾಣಿ ಹೂಡುವುದು ನಮ್ಮ ಕಡೆ ನಗೆಪಾಟಲಿನ ಸಂಗತಿ. ಶಂಕ್ರಮ್ಮನ ತಾಯಿ ನೀಲಮ್ಮನಿಗೆ ಅದು ಅವಮಾನವೆನಿಸಿತು, ಗುಳಿಗೆಯ ಮೇಲಂತೂ ಮೊದಲಿಂದಲೂ ನಂಬಿಕೆಯಿರಲಿಲ್ಲ. "ನನ್ನ ಮಗಳು ನನಗ ನೋಡಿಕೊಳ್ಳಾಕ ಬರಂಗಿಲ್ಲೇನ್ರಿ?" ಎಂದಳಂತೆ. "ಬರತೈತಿ. ಗುಳಿಗಿ ನೋಡಿಕೊಳ್ಳಾಕ ಬರಂಗಿಲ್ಲ," ಎಂದು ಇವಳು ಪಡಸಾಲೆಯಲ್ಲೇ ಹಾಸಿಗೆ ಬಿಚ್ಚಿದಳಂತೆ. ಇಬ್ಬರೂ ಭೇಟಿಗೆ ಬಂದಾಗ ಬೆಂಚಿನ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು ಕೂರುತ್ತಿದ್ದರು. ನಡುವೆ ಶಂಕ್ರಮ್ಮ ನೆಲ ನೋಡುತ್ತಾ ನಗುತ್ತಿದ್ದಳು.

ಶಿವರಾತ್ರಿಗೆ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ, ನಮ್ಮ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಮೇಡಂ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ ಅಳು ಕೇಳಿದರು. ಥೈರಾಯ್ಡ್ ಸಾಲದ ಕೂಸಿನ ಅಳು ಗೊಗ್ಗರಾಗಿರುತ್ತದೆ. ಇದು ಗೋಡೆ ಬಿರಿಯುವ ಹಾಗೆ ಅತ್ತಿತು. "ಇದಿ ಅಳು ಅಂದ್ರೆ!" ಎಂದು ಮೇಡಂ ಮುಖಕ್ಕೆ ಕಟ್ಟಿದ ಬಟ್ಟೆಯೊಳಗೇ ನಕ್ಕರು. ನಾನು ಹಗುರಾಗಿ ಕೂಸನ್ನು ಒರೆಸತೊಡಗಿದೆ. ಎಡಗೈ ಒರೆಸುವಾಗ ಬೆರಳಿಗೆ ಏನೋ ತಾಕಿತು.

ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಬೆರಳು. ಪುಟ್ಟದು, ಉಗುರೂ ಇತ್ತು.

ಆರನೇ ಬೆರಳಿನಿಂದ ಕೂಸಿಗೆ ಕೇಡಿಲ್ಲ, ಗುಳಿಗೆಗೂ ಅದಕ್ಕೂ ಸಂಬಂಧವಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಲಿಂಗ ಮುಟ್ಟಿ ಮಾತು ಕೊಟ್ಟವಳು ನಾನು. ಹೊರಗೆ ಕಾಯುತ್ತಿದ್ದವರಿಗೆ ಏನು ಹೇಳಲಿ? ಇನ್ನು ಶಂಕ್ರಮ್ಮ ಈ ಗುಳಿಗೆಯನ್ನು ಮುಟ್ಟುತ್ತಾಳೆಯೇ? ಅವಳು ಜೀವನಪೂರ್ತಿ ತಿನ್ನಬೇಕಾದ ಗುಳಿಗೆ ಅದು.

ಮೇಡಂ ನೋಡಿದರು. "ಹೊರಗೆ ಹೋಗಿ ತೋರಿಸು. ಮುಚ್ಚಬೇಡ," ಎಂದರು. ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

ವರಾಂಡದಲ್ಲಿ ಎರಡೂ ಅಜ್ಜಿಯರು, ವೀರಣ್ಣ. ಬೆಂಚಿನ ತುಂಬ ತಪಾಸಣೆಗೆ ಬಂದ ಬಸುರಿಯರು, ಅವರಲ್ಲಿ ನಮ್ಮ ಗುಳಿಗೆ ತಿನ್ನುತ್ತಿದ್ದವರೂ ಇದ್ದರು. ನಾನು ಬಟ್ಟೆ ಸರಿಸಿ ಕೈ ತೋರಿಸಿದೆ. ನೀಲಮ್ಮ ಎದೆ ಬಡಿದುಕೊಂಡಳು.

"ನಾ ಬಡಕೊಂಡ್ನಿ ಬ್ಯಾಡ ಬ್ಯಾಡ ಅಂತ! ಆ ಗುಳಿಗೀನ ಮಾಡೈತಿ ಇದನ್ನ. ನನ್ನ ಮನ್ಯಾಗ ಕುಂತು, ನಿಮ್ಮ ಕೈಯಾರ ತಿನಿಸಿದ್ರಲ್ರಿ ಬೀಗತ್ಯಾರ!"

ಬೆಂಚಿನ ಹೆಂಗಸರೆಲ್ಲ ಎದ್ದು ನಿಂತರು. ಒಬ್ಬಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು. ಇಂಥ ಬೆರಳು ವಂಶದಲ್ಲಿ ಬರುತ್ತದೆ ಎಂದು ನಾನು ಹೇಳಹೊರಟೆ, ನನ್ನ ಮಾತು ನನಗೇ ನೆಪದಂತೆ ಕೇಳಿಸಿ ಅರ್ಧಕ್ಕೆ ನಿಂತಿತು. ಗುರುಬಸಮ್ಮ ನನ್ನ ಮುಖ ನೋಡಿದಳು. 'ಈ ಡಾಕ್ಟರಮ್ಮ ಲಿಂಗ ಮುಟ್ಟಿ ಹೇಳಿದ್ದಳು' ಎಂದು ಒಂದು ಮಾತು ಅಂದಿದ್ದರೆ ಎಲ್ಲ ತಪ್ಪೂ ನನ್ನ ಮೇಲೆ ಬಂದು ಅವಳು ಪಾರಾಗುತ್ತಿದ್ದಳು. ಆಕೆ ಹಾಗೆ ಅನ್ನಲಿಲ್ಲ. ಆ ಪುಟ್ಟ ಬೆರಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ವೀರಣ್ಣ, ಎಡಗೈ ಚಾಚು."

ಅವನು ಚಾಚಿದ. ಕಿರುಬೆರಳಿನ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಗಂಟು, ಹಳೆಯ ಗಾಯದ ಕಲೆ.

"ಇದು ಕುಡಗೋಲು ಬಡದಿದ್ದಲ್ಲೇನು ಯವ್ವಾ?" ಎಂದ ಅವನು ಗೊಂದಲದಿಂದ.

"ಅಲ್ಲಪಾ. ನಿನಗೂ ಇತ್ತು ಆರನೇ ಬೆರಳು. ನಿಮ್ಮಪ್ಪನ ಮನಿ ಮಂದಿ ನನಗ ಏನಂತಾರೋ ಅಂತ ಅಂಜಿ, ನಿನ್ನ ತೊಟ್ಟಲಕ್ಕ ಹಾಕೂಕಿಂತ ಮದಲ, ನಮ್ಮವ್ವ ನಾನು ಕೂಡಿ ಕುದರಿ ಕೂದಲಾ ಬಿಗದು ಬೀಳಿಸಿದ್ವಿ. ನಿಮ್ಮಪ್ಪಗೂ ಹೇಳಲಿಲ್ಲ."

ಅವನ ಕೈಯನ್ನು ಹಾಗೇ ಎತ್ತಿ ಹಿಡಿದು, ಬೆಂಚಿನ ಕೊನೆಯವರೆಗೆ ಕೇಳುವಂತೆ ಆಕೆ ನೀಲಮ್ಮನನ್ನು ಕೇಳಿದಳು. "ಬೀಗತ್ಯಾರ, ಇದು ನಮ್ಮ ಮನಿದು. ಇವನ್ನ ಹಡದಾಗ ನಾ ಯಾವ ಗುಳಿಗಿ ತಿಂದಿದ್ನಿ, ಹೇಳ್ರಿ?"

ನಿಂತಿದ್ದ ಬಸುರಿಯರು ಒಬ್ಬೊಬ್ಬರಾಗಿ ಕೂತರು. ನನಗೆ ಅಳು ಬಂದಿತ್ತು, ಕೈಯಲ್ಲಿ ಕೂಸಿದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಆಕೆಯ ಕಾಲಿಗೆ ಬೀಳಬೇಕೆನಿಸಿತು. ಅದನ್ನು ಬಿಟ್ಟು, ಡಾಕ್ಟರಲ್ಲವೇ, "ಈ ಬೆರಳು ತೆಗಿಯಾಕ ಬರತೈತಿ ಅವ್ವಾ. ಒಂದ ಹೊಲಿಗಿ ಹಾಕಿದ್ರ ಮುಗೀತು, ಗುರ್ತನ ಉಳಿಯಂಗಿಲ್ಲ. ತೆಗಿಯೋಣೇನು?" ಎಂದು ಕೇಳಿದೆ.

ಗುರುಬಸಮ್ಮ ಮೊಮ್ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಬ್ಯಾಡ್ರಿ ಅಮ್ಮಾರ," ಎಂದಳು. "ಒಂದ ಸಲ ಮುಚ್ಚಿಟ್ಟಿದ್ದು ಸಾಕು."